ಹತ್ತು ವರ್ಷದ ಮಗುವಿನ ಎರಡು ಗಂಟೆ

ಧಾರವಾಡ, ವಿಜಯಪುರ, ಬಾಗಲಕೋಟೆ, ಬೆಳಗಾವಿ ಸೀಮೆಯ ಪೇಟೆಗಳಲ್ಲಿ ಬಸ್ ನಿಲ್ದಾಣದ ಆಸುಪಾಸಿನ ಗೋಡೆಗಳನ್ನು ನೋಡುತ್ತ ಹೋದರೆ ನಾಲ್ಕು ಹೆಸರುಗಳು ಜೊತೆಜೊತೆಯಾಗಿ ಕಾಣುತ್ತವೆ: ನವೋದಯ, ಸೈನಿಕ, ಕಿತ್ತೂರು, ಮೊರಾರ್ಜಿ. ಕೆಳಗೆ ಕಳೆದ ವರ್ಷ ಆಯ್ಕೆಯಾದ ಮಕ್ಕಳ ಫೋಟೊಗಳ ಸಾಲು, ‘ವಸತಿ ಸಹಿತ ತರಬೇತಿ’ ಎಂಬ ಒಕ್ಕಣೆ, ಒಂದು ಮೊಬೈಲ್ ನಂಬರು. ಫೋಟೊದೊಳಗಿನ ಮಕ್ಕಳು ಐದನೇ ತರಗತಿಯವರು. ಹಾಲುಹಲ್ಲು ಇನ್ನೂ ಪೂರ್ತಿ ಬಿದ್ದಿರದ ವಯಸ್ಸು.

ಆರನೇ ತರಗತಿಗೆ ವಸತಿ ಶಾಲೆಯಲ್ಲಿ ಸೀಟು ಸಿಕ್ಕರೆ ಮುಂದಿನ ಹಲವು ವರ್ಷ ಮಗುವಿನ ಊಟ, ಓದು, ವಸತಿಯ ಚಿಂತೆ ತಪ್ಪುತ್ತದೆ ಎಂಬುದು ಒಣಬೇಸಾಯದ ಊರಿನ ತಂದೆತಾಯಿಗೆ ಸಣ್ಣ ಮಾತಲ್ಲ. ನವೋದಯದಲ್ಲಿ ಎಂಟನೇ ತರಗತಿಯವರೆಗೆ ಯಾರಿಗೂ ಶುಲ್ಕವಿಲ್ಲ. ಒಂಬತ್ತರಿಂದ ಕೆಲವು ವರ್ಗದ ಮಕ್ಕಳಿಗೆ ಮಾತ್ರ ವಿಕಾಸ ನಿಧಿ ಎಂಬ ಸಣ್ಣ ಮೊತ್ತವಿದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಹೀಗಾಗಿ ಪ್ರತಿ ವರ್ಷ ಜೂನ್ ಹೊತ್ತಿಗೆ ಸರ್ಕಾರಿ ಶಾಲೆಯ ಮಾಸ್ತರರ ಮುಂದೆ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ: ‘ಸರ, ನಮ್ಮ ಹುಡುಗ ಕನ್ನಡ ಸಾಲ್ಯಾಗ ಕಲೀತಾನ್ರಿ. ಅವನ ಕಡಿಂದ ಆಗ್ತದೇನ್ರಿ?’

ಆಗುತ್ತದೆ. ಈ ಪರೀಕ್ಷೆ ನಿಜವಾಗಿ ಏನನ್ನು ಕೇಳುತ್ತದೆ ಎಂದು ತಿಳಿದವರಿಗೆ ಕನ್ನಡ ಶಾಲೆಯ ಮಗು ಹಿಂದೆ ಬಿದ್ದಿಲ್ಲ ಎಂಬುದು ಕೂಡಲೇ ಗೊತ್ತಾಗುತ್ತದೆ. ಹಿಂದೆ ಬೀಳುವುದು ತಯಾರಿಯ ಹೆಸರಿನಲ್ಲಿ ಓದು, ಆಟ, ಮನೆ ಮೂರನ್ನೂ ಕಳೆದುಕೊಂಡ ಮಗು.

ಮೊದಲು ಖಾಸಗಿ ಶಾಲೆಗಳ ವಿಷಯವನ್ನು ಹೇಳಿ ಮುಂದೆ ಹೋಗುತ್ತೇನೆ, ಯಾಕೆಂದರೆ ಪ್ರವೇಶ ಪರೀಕ್ಷೆ ಎಂದರೆ ಬೆಂಗಳೂರು, ಮೈಸೂರಿನ ಎಷ್ಟೋ ಪೋಷಕರಿಗೆ ನೆನಪಾಗುವುದು ಎಲ್‌ಕೆಜಿಯ ಸಂದರ್ಶನ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 13ನೇ ಸೆಕ್ಷನ್ ಪ್ರಕಾರ ಯಾವ ಶಾಲೆಯೂ ಪ್ರವೇಶ ಕೊಡುವಾಗ ಮಗುವನ್ನಾಗಲೀ ತಂದೆತಾಯಿಯನ್ನಾಗಲೀ ಸೋಸುವಂತಿಲ್ಲ. ಸೋಸುವುದು ಎಂದರೆ ಏನೆಂದೂ ಕಾಯ್ದೆಯೇ ಹೇಳಿದೆ: ಲಾಟರಿಯಂಥ ಕ್ರಮ ಬಿಟ್ಟು ಬೇರೆ ಯಾವುದೇ ರೀತಿಯಲ್ಲಿ ಒಂದು ಮಗುವನ್ನು ಬಿಟ್ಟು ಇನ್ನೊಂದನ್ನು ಆರಿಸುವುದು. ಮೊದಲ ಸಲ ತಪ್ಪಿದರೆ 25,000 ರೂಪಾಯಿವರೆಗೆ, ಆಮೇಲಿನ ಪ್ರತಿ ತಪ್ಪಿಗೆ 50,000 ರೂಪಾಯಿವರೆಗೆ ದಂಡ. ಕಾಯ್ದೆಯಲ್ಲಿ ಒಂದು ಸಂದು ಉಳಿದಿದೆ. ಅದರ ಪ್ರಕಾರ ‘ಮಗು’ ಎಂದರೆ 6ರಿಂದ 14 ವರ್ಷದವರು. ಎಲ್‌ಕೆಜಿ ಸೇರುವ ಮಗುವಿಗೆ ಆರು ತುಂಬಿರುವುದಿಲ್ಲ. ದೆಹಲಿ ಹೈಕೋರ್ಟ್ 2013ರಲ್ಲಿ ನರ್ಸರಿ ಪ್ರವೇಶದ ಮೊಕದ್ದಮೆಯೊಂದರಲ್ಲಿ, ಬಡ ಮಕ್ಕಳಿಗೆ ಮೀಸಲಾದ ಸೀಟುಗಳನ್ನು ಬಿಟ್ಟರೆ ಉಳಿದ ನರ್ಸರಿ ಪ್ರವೇಶಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದಿತು. ಆ ಸಂದಿಯಲ್ಲೇ ‘ಇಂಟರಾಕ್ಷನ್’ ಎಂಬ ಹೆಸರಿನಲ್ಲಿ ಮೂರು ವರ್ಷದ ಮಗುವಿನ ಪರೀಕ್ಷೆ ನಡೆಯುತ್ತದೆ. ಆ ವಯಸ್ಸಿನ ಮಗುವಿಗೆ ಯಾವ ತಯಾರಿಯೂ ಬೇಡ, ಕೊಡಲೂಬಾರದು. ಬಣ್ಣದ ಹೆಸರನ್ನು ಇಂಗ್ಲಿಷಿನಲ್ಲಿ ಹೇಳಲಿಲ್ಲ ಎಂದು ಮಗುವನ್ನು ಬೇಡವೆನ್ನುವ ಶಾಲೆಗೆ ಆ ಮಗು ಸೇರದಿರುವುದೇ ಒಳ್ಳೆಯದು. ಆರು ತುಂಬಿದ ಮಗುವಿಗೆ ಪರೀಕ್ಷೆ ಇಟ್ಟು ಸೀಟು ನಿರಾಕರಿಸಿದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತ ದೂರು ಕೊಡುವ ಹಕ್ಕು ನಿಮಗಿದೆ, ಬಳಸಿಕೊಳ್ಳಿ.

ವಸತಿ ಶಾಲೆಗಳ ಮಾತು ಬೇರೆ: ಅಲ್ಲಿ ಆರನೇ ತರಗತಿಗೆ ಸರ್ಕಾರದ ಸಂಸ್ಥೆಗಳೇ ಅಧಿಸೂಚನೆ ಹೊರಡಿಸಿ ಪರೀಕ್ಷೆ ನಡೆಸುತ್ತವೆ. ಹತ್ತು ವರ್ಷಕ್ಕೇ ಮಕ್ಕಳನ್ನು ಹೀಗೆ ಆರಿಸುವುದು ಸರಿಯೇ ಎಂಬ ಪ್ರಶ್ನೆ ನನ್ನನ್ನೂ ಕಾಡುತ್ತದೆ. ಎಲ್ಲ ಊರಲ್ಲೂ ಒಳ್ಳೆಯ ಶಾಲೆ ಇದ್ದಿದ್ದರೆ ಈ ನೂಕುನುಗ್ಗಲೇ ಇರುತ್ತಿರಲಿಲ್ಲ. ಆದರೆ ಈ ವರ್ಷ ಐದನೇ ತರಗತಿಯಲ್ಲಿ ಕೂತಿರುವ ಮಗುವಿಗೆ ಆ ದಿನ ಬರುವವರೆಗೆ ಕಾಯಲಾಗುವುದಿಲ್ಲ.

ನವೋದಯದಿಂದಲೇ ಶುರುಮಾಡೋಣ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕಾಲದಲ್ಲಿ, ಹಳ್ಳಿಯ ಪ್ರತಿಭಾವಂತ ಮಕ್ಕಳಿಗೂ ಪೇಟೆಯ ಉತ್ತಮ ಶಾಲೆಗಳ ಮಟ್ಟದ ಶಿಕ್ಷಣ ಸಿಗಲಿ ಎಂದು ಹುಟ್ಟಿದ ಶಾಲೆಗಳಿವು. ಜಿಲ್ಲೆಗೊಂದರಂತೆ ದೇಶದಲ್ಲಿ 650ಕ್ಕೂ ಹೆಚ್ಚಿವೆ. ನಮ್ಮಲ್ಲಿ ಮುಡಿಪು, ಗಾಜನೂರು, ಗಾಳಿಬೀಡು, ಬಾಳೆಹೊನ್ನೂರು, ಹೊಂಡರಬಾಳು, ಕುಕನೂರು ಎಂಬ ಹೆಸರುಗಳು ನವೋದಯದಿಂದಾಗಿಯೇ ದೂರದವರಿಗೂ ಪರಿಚಯವಾಗಿವೆ. ಒಂದು ಶಾಲೆಯಲ್ಲಿ ಆರನೇ ತರಗತಿಗೆ ಸಾಮಾನ್ಯವಾಗಿ 80 ಸೀಟು. ಅದರಲ್ಲಿ ಕನಿಷ್ಠ ಶೇ 75, ಅಂದರೆ 60 ಸೀಟು, ಗ್ರಾಮೀಣ ಮಕ್ಕಳಿಗೆ. ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ.

ಪರೀಕ್ಷೆ ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಸರಿಯಾದದ್ದರ ವೃತ್ತವನ್ನು ಬಾಲ್‌ಪೆನ್ನಿನಿಂದ ತುಂಬಬೇಕು. ಕನ್ನಡದಲ್ಲೇ ಬರೆಯಬಹುದು. ಮಾನಸಿಕ ಸಾಮರ್ಥ್ಯದ 40 ಪ್ರಶ್ನೆಗೆ 50 ಅಂಕ, ಒಂದು ಗಂಟೆ. ಅಂಕಗಣಿತದ 20 ಪ್ರಶ್ನೆಗೆ 25 ಅಂಕ, ಅರ್ಧ ಗಂಟೆ. ಭಾಷೆಯ 20 ಪ್ರಶ್ನೆಗೆ 25 ಅಂಕ, ಅರ್ಧ ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು ಎಂಬುದು ಮಗು ಕಲಿಯಬೇಕಾದ ಮೊದಲ ಪಾಠ. ಎಷ್ಟೋ ಮಕ್ಕಳು ಗೊತ್ತಿಲ್ಲದ್ದನ್ನು ಬರೆಯುವುದು ತಪ್ಪು ಎಂಬ ಪ್ರಾಮಾಣಿಕ ನಂಬಿಕೆಯಿಂದ ವೃತ್ತಗಳನ್ನು ಹಾಗೆಯೇ ಬಿಟ್ಟು ಬರುತ್ತವೆ. ಅವರಿಗೆ ಇದನ್ನು ಬಿಡಿಸಿ ಹೇಳಬೇಕು.

ಈಗ ಆ ಅಂಕಗಳನ್ನು ಇನ್ನೊಮ್ಮೆ ನೋಡಿ. ಅರ್ಧದಷ್ಟು ಅಂಕ ಇರುವ ಮಾನಸಿಕ ಸಾಮರ್ಥ್ಯದ ಭಾಗದಲ್ಲಿ ಇರುವುದು ಬರೀ ಚಿತ್ರಗಳು. ಅಲ್ಲಿ ಇಂಗ್ಲಿಷ್ ಶಾಲೆಯ ಮಗುವಿಗೂ ಕನ್ನಡ ಶಾಲೆಯ ಮಗುವಿಗೂ ಯಾವ ಅಂತರವೂ ಇಲ್ಲ. ಕಾಲು ಭಾಗ ಲೆಕ್ಕ. ಉಳಿದ ಕಾಲು ಭಾಗ, ಮಗು ಕನ್ನಡವನ್ನು ಆರಿಸಿಕೊಂಡರೆ, ಕನ್ನಡ ಓದಿ ಅರ್ಥಮಾಡಿಕೊಳ್ಳುವುದು. ಕನ್ನಡ ಶಾಲೆಯ ಮಗುವಿಗೆ ಇದಕ್ಕಿಂತ ಅನುಕೂಲವಾದ ಪ್ರಶ್ನೆ ಪತ್ರಿಕೆ ಬೇರೆಲ್ಲಿ ಸಿಗುತ್ತದೆ?

ಚಿತ್ರಗಳ ಭಾಗದಲ್ಲಿ ಹತ್ತು ಬಗೆ, ಒಂದೊಂದು ಬಗೆಯಲ್ಲಿ ನಾಲ್ಕು ಪ್ರಶ್ನೆ. ಗುಂಪಿಗೆ ಸೇರದ ಚಿತ್ರ ಯಾವುದು, ಕೊಟ್ಟ ಚಿತ್ರದಂತೆಯೇ ಇರುವುದು ಯಾವುದು, ಬಿಟ್ಟುಹೋದ ಮೂಲೆಯನ್ನು ಯಾವುದು ತುಂಬುತ್ತದೆ, ಸಾಲಿನಲ್ಲಿ ಮುಂದೆ ಯಾವುದು ಬರುತ್ತದೆ, ಮೊದಲೆರಡು ಚಿತ್ರಗಳ ನಡುವಿನ ಸಂಬಂಧವೇ ಮುಂದಿನೆರಡರಲ್ಲಿ ಹೇಗೆ ಬರುತ್ತದೆ, ತುಂಡುಗಳನ್ನು ಕೂಡಿಸಿದರೆ ಯಾವ ಆಕೃತಿ ಆಗುತ್ತದೆ, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಮಡಿಸಿ ತೂತು ಮಾಡಿದ ಕಾಗದವನ್ನು ಬಿಚ್ಚಿದರೆ ತೂತುಗಳು ಎಲ್ಲೆಲ್ಲಿ ಇರುತ್ತವೆ, ದೊಡ್ಡ ಚಿತ್ರದೊಳಗೆ ಸಣ್ಣ ಆಕೃತಿ ಎಲ್ಲಿ ಅಡಗಿದೆ, ಹೀಗೆ. ತರಬೇತಿ ಕೇಂದ್ರಗಳು ಇವಕ್ಕೆ ನೂರಾರು ಪುಟದ ಅಭ್ಯಾಸ ಪುಸ್ತಕ ಕೊಡುತ್ತವೆ. ಆದರೆ ಪುಸ್ತಕಕ್ಕಿಂತ ಮೊದಲು ಮಗುವಿನ ಕೈಗೆ ವಸ್ತು ಬರಬೇಕು. ಹಳೆಯ ದಿನಪತ್ರಿಕೆಯ ಹಾಳೆಯನ್ನು ಎರಡು ಸಲ ಮಡಿಸಿ ಕತ್ತರಿಯ ತುದಿಯಿಂದ ಒಂದು ತೂತು ಮಾಡಿ, ಬಿಚ್ಚುವ ಮೊದಲು ‘ಎಷ್ಟು ತೂತು ಇರ್ತಾವು?’ ಎಂದು ಕೇಳಿ. ಬಿಚ್ಚಿದಾಗ ನಾಲ್ಕು ಕಾಣುತ್ತವೆ. ಮೂಲೆಯಿಂದ ಮೂಲೆಗೆ ಮಡಿಸಿದರೆ ಜಾಗ ಬದಲಾಗುತ್ತದೆ. ನಾಲ್ಕು ಸಂಜೆ ಹೀಗೆ ಆಡಿದ ಮಗುವಿಗೆ ಪುಸ್ತಕದ ಚಿತ್ರ ತಾನಾಗಿ ಅರ್ಥವಾಗುತ್ತದೆ. ವಸ್ತುವನ್ನೇ ಮುಟ್ಟದೆ ಉತ್ತರದ ಗುರುತು ಬಾಯಿಪಾಠ ಮಾಡಿದ ಮಗು ಚಿತ್ರ ಸ್ವಲ್ಪ ತಿರುಗಿದರೂ ತಡವರಿಸುತ್ತದೆ. ಕನ್ನಡಿಯ ಪ್ರಶ್ನೆಗೆ ಮನೆಯ ಕನ್ನಡಿ ಸಾಕು: ಗಡಿಯಾರವನ್ನು ಅದರ ಮುಂದೆ ಹಿಡಿದರೆ ಮೂರು ಗಂಟೆ ಒಂಬತ್ತಾಗಿ ಕಾಣುತ್ತದೆ. ಚುಕ್ಕಿ ಇಟ್ಟು ರಂಗೋಲಿ ಹಾಕುವ ಮಗುವಿಗೆ ಅರ್ಧ ಬಿಟ್ಟ ಆಕೃತಿಯನ್ನು ಪೂರ್ತಿ ಮಾಡುವುದು ಹೊಸತಲ್ಲ. ಈ ಕೆಲಸವನ್ನು ಗಂಡುಮಕ್ಕಳಿಗೂ ಕೊಡಿ.

ಲೆಕ್ಕದಲ್ಲಿ ಮಕ್ಕಳು ಎಡವುವ ಜಾಗಗಳು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ: ಭಿನ್ನರಾಶಿ, ದಶಮಾಂಶ, ಅಳತೆಗಳ ಪರಿವರ್ತನೆ, ಲ.ಸಾ.ಅ. ಮತ್ತು ಮ.ಸಾ.ಅ. ಮಗು ಮಗ್ಗಿ ಬಲ್ಲದು, ಗುಣಾಕಾರವನ್ನೂ ಬಲ್ಲದು, ಆದರೆ ಮಾತಿನಲ್ಲಿ ಕೊಟ್ಟ ಲೆಕ್ಕದಲ್ಲಿ ಯಾವುದನ್ನು ಯಾವುದರಿಂದ ಗುಣಿಸಬೇಕು ಎಂದು ತೋಚುವುದಿಲ್ಲ. ಒಂದು ಕೆ.ಜಿ. ತೊಗರಿಬೇಳೆಗೆ 160 ರೂಪಾಯಿ ಆದರೆ 750 ಗ್ರಾಂಗೆ ಎಷ್ಟು? ಅಂಗಡಿಗೆ ಹೋಗಿ ಮುಕ್ಕಾಲು ಕೆ.ಜಿ. ತಂದು ಗೊತ್ತಿರುವ ಮಗು 160ರಲ್ಲಿ ಕಾಲು ಭಾಗ 40 ಎಂದು ಕಳೆದು 120 ಎನ್ನುತ್ತದೆ. ಸೂತ್ರವನ್ನಷ್ಟೇ ಕಲಿತ ಮಗು 750ನ್ನು 160ರಿಂದ ಗುಣಿಸಿ, ಸಾವಿರದಿಂದ ಭಾಗಿಸುವಾಗ ಸೊನ್ನೆಗಳ ನಡುವೆ ದಾರಿ ತಪ್ಪುತ್ತದೆ. ಒಂದು ಬಸ್ಸು 12 ನಿಮಿಷಕ್ಕೊಮ್ಮೆ, ಇನ್ನೊಂದು 18 ನಿಮಿಷಕ್ಕೊಮ್ಮೆ ಹೊರಡುತ್ತದೆ, ಬೆಳಿಗ್ಗೆ 8ಕ್ಕೆ ಎರಡೂ ಒಟ್ಟಿಗೆ ಹೊರಟರೆ ಮತ್ತೆ ಯಾವಾಗ ಒಟ್ಟಿಗೆ ಹೊರಡುತ್ತವೆ? ಇದು ಲ.ಸಾ.ಅ. ಲೆಕ್ಕ ಎಂದು ಹೇಳಿಕೊಡುವ ಮೊದಲು ಮಗುವೇ 12, 24, 36 ಎಂದೂ 18, 36 ಎಂದೂ ಬರೆದು 8 ಗಂಟೆ 36 ನಿಮಿಷವನ್ನು ಕಂಡುಕೊಳ್ಳಲಿ. ಅಷ್ಟು ಹೊತ್ತು ಸುಮ್ಮನೆ ಕೂರುವ ತಾಳ್ಮೆ ಪಕ್ಕದಲ್ಲಿರುವ ದೊಡ್ಡವರಿಗೆ ಬೇಕು. ಲಾಭ ನಷ್ಟ, ಸುತ್ತಳತೆ, ವಿಸ್ತೀರ್ಣ ಇವೆಲ್ಲ ಆಮೇಲೆ. ಭಿನ್ನರಾಶಿ ಗಟ್ಟಿಯಾದರೆ ಇವು ಬೇಗ ಹತ್ತುತ್ತವೆ.

ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದುಕೊಂಡಿರುವುದು ಭಾಷೆಯ ಭಾಗದಲ್ಲಿ, ಯಾಕೆಂದರೆ ಎಲ್ಲರೂ ಕಡೆಗಣಿಸುವ ಭಾಗ ಇದು. ನಾಲ್ಕು ಗದ್ಯಭಾಗ, ಒಂದೊಂದಕ್ಕೂ ಐದು ಪ್ರಶ್ನೆ. ಅಂದರೆ ಒಂದು ಗದ್ಯಭಾಗ ಓದಿ ಐದು ಉತ್ತರ ಗುರುತಿಸಲು ಏಳೂವರೆ ನಿಮಿಷ. ಸಂಧಿ ಸಮಾಸಗಳ ಪಟ್ಟಿ ಬಾಯಿಪಾಠ ಮಾಡಿಸುವುದರಿಂದ ಇಲ್ಲಿ ಹೆಚ್ಚೇನೂ ಆಗುವುದಿಲ್ಲ. ‘ಕನ್ನಡ ತಾನೇ, ಅದು ಬರ್ತದೆ ಬಿಡು’ ಎಂದು ದೊಡ್ಡವರು ಇದನ್ನು ಕೊನೆಗೆ ತಳ್ಳುತ್ತಾರೆ. ಆದರೆ ಐದನೇ ತರಗತಿಯ ಎಷ್ಟೋ ಮಕ್ಕಳು ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುತ್ತವೆಯೇ ಹೊರತು ಓದಿದ್ದು ತಲೆಯೊಳಗೆ ಇಳಿದಿರುವುದಿಲ್ಲ.

ಒಂದು ಉದಾಹರಣೆ ಕಟ್ಟಿ ನೋಡೋಣ. ಒಬ್ಬ ರೈತ ಎರಡು ಎಕರೆಯಲ್ಲಿ ಜೋಳ, ಒಂದು ಎಕರೆಯಲ್ಲಿ ಕಡಲೆ ಬಿತ್ತಿದ. ಆ ವರ್ಷ ಜೋಳ ಕೈಗೆ ಹತ್ತಲಿಲ್ಲ. ಯುಗಾದಿಯ ಹೊತ್ತಿಗೆ ಕಡಲೆ ಮಾರಿ ಮಗಳ ಹಾಸ್ಟೆಲ್ಲಿನ ಹಣ ಕಟ್ಟಿದ, ಮನೆಯ ಮಾಡು ರಿಪೇರಿಯನ್ನು ಮುಂದಿನ ವರ್ಷಕ್ಕೆ ಬಿಟ್ಟ. ‘ರೈತ ಎಷ್ಟು ಎಕರೆ ಬಿತ್ತಿದ್ದ?’ ಎಂಬ ಪ್ರಶ್ನೆಗೆ ಗದ್ಯದಲ್ಲಿ ಉತ್ತರ ನೇರವಾಗಿ ಇಲ್ಲ, ಕೂಡಬೇಕು. ‘ರೈತನಿಗೆ ಯಾವುದು ಮುಖ್ಯವೆನಿಸಿತು?’ ಎಂದರೆ ಮಗಳ ಓದು ಎಂಬುದು ಯಾವ ವಾಕ್ಯದಲ್ಲೂ ಬರೆದಿಲ್ಲ, ಮಾಡು ರಿಪೇರಿಯನ್ನು ಮುಂದೂಡಿದ್ದರಿಂದ ತಿಳಿಯಬೇಕು. ‘ಜೋಳ ಯಾಕೆ ಕೈಗೆ ಹತ್ತಲಿಲ್ಲ?’ ಎಂದರೆ ಮಕ್ಕಳು ಥಟ್ಟನೆ ಮಳೆ ಬರಲಿಲ್ಲ ಎನ್ನುತ್ತವೆ, ಯಾಕೆಂದರೆ ಮನೆಯಲ್ಲಿ ಅವರು ಕೇಳಿರುವುದು ಅದೇ. ಗದ್ಯದಲ್ಲಿ ಮಳೆಯ ಮಾತೇ ಇಲ್ಲ. ಕಣ್ಣ ಮುಂದಿನ ಬರಹ ಹೇಳಿದ್ದು ಯಾವುದು, ನಮಗೆ ಮೊದಲೇ ಗೊತ್ತಿದ್ದದ್ದು ಯಾವುದು ಎಂದು ಬೇರೆ ಮಾಡಿ ನೋಡುವುದು ಒಂದು ಅಭ್ಯಾಸ. ಆರು ತಿಂಗಳು ದಿನಾ ಒಂದು ಪುಟ ಓದಿ, ಆ ಪುಟದ ಬಗ್ಗೆ ಮನೆಯವರೊಂದಿಗೆ ಮಾತಾಡಿದ ಮಗುವಿಗೆ ಅದು ಬರುತ್ತದೆ. ಕೊನೆಯ ಹದಿನೈದು ದಿನದ ಕ್ರ್ಯಾಶ್ ಕೋರ್ಸಿನಲ್ಲಿ ಬರುವುದಿಲ್ಲ.

ಓದಲು ಏನು ಕೊಡುವುದು? ಪಠ್ಯಪುಸ್ತಕ ಮುಗಿಸಿದ ಮಗುವಿಗೆ ದಿನಪತ್ರಿಕೆಯ ಮಕ್ಕಳ ಪುಟ, ಶಾಲೆಯ ಬೀರುವಿನಲ್ಲಿ ಬೀಗ ಹಾಕಿಟ್ಟ ಕಥೆ ಪುಸ್ತಕಗಳು, ಗ್ರಾಮ ಪಂಚಾಯಿತಿ ಗ್ರಂಥಾಲಯ. ಪಂಚಾಯಿತಿ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರ ಎಂದು ಕರೆಯುತ್ತಾರೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ಶಾಲೆಯ ಆ ಬೀರುವಿನ ಬೀಗ ತೆಗೆಸುವುದು ನವೋದಯ ತಯಾರಿಯ ಮೊದಲ ಹೆಜ್ಜೆ ಎಂದು ನಾನು ಮನಸಾರೆ ನಂಬಿದ್ದೇನೆ. ಅದರಿಂದ ಪರೀಕ್ಷೆ ಬರೆಯದ ಮಕ್ಕಳಿಗೂ ಪ್ರಯೋಜನವಾಗುತ್ತದೆ.

ಸೈನಿಕ ಶಾಲೆಯದು ಬೇರೆ ದಾರಿ. ವಿಜಯಪುರದ ಸೈನಿಕ ಶಾಲೆ 1963ರದು, ಕೊಡಗಿನ ಕೂಡಿಗೆಯದು 2007ರದು. 2021–22ರಿಂದ ಎಲ್ಲ ಸೈನಿಕ ಶಾಲೆಗಳಲ್ಲೂ ಹೆಣ್ಣುಮಕ್ಕಳಿಗೆ ಪ್ರವೇಶವಿದೆ. ಪರೀಕ್ಷೆಯನ್ನು ರಾಷ್ಟ್ರೀಯ ಪರೀಕ್ಷಾ ಏಜೆನ್ಸಿ ನಡೆಸುತ್ತದೆ. ಆರನೇ ತರಗತಿಗೆ ಕನ್ನಡದಲ್ಲಿ ಬರೆಯಬಹುದು. ಒಂಬತ್ತನೇ ತರಗತಿಯ ಪ್ರವೇಶಕ್ಕೆ ಇಂಗ್ಲಿಷ್ ಮಾತ್ರ. ಆರನೇ ತರಗತಿಯ ಪರೀಕ್ಷೆಗೆ 125 ಪ್ರಶ್ನೆ, 150 ನಿಮಿಷ, 300 ಅಂಕ. ಅದರಲ್ಲಿ ಗಣಿತಕ್ಕೇ 150. ಒಂದು ಪ್ರಶ್ನೆಗೆ ಸರಾಸರಿ 72 ಸೆಕೆಂಡು, ಹಾಗಾಗಿ ನವೋದಯಕ್ಕಿಂತ ಇಲ್ಲಿ ಲೆಕ್ಕದ ವೇಗ ಹೆಚ್ಚು ಬೇಕು. ಸಾಮಾನ್ಯ ಜ್ಞಾನಕ್ಕೆ 50 ಅಂಕವಿದೆ. ಲಿಖಿತ ಪರೀಕ್ಷೆಯ ಆಚೆ ವೈದ್ಯಕೀಯ ತಪಾಸಣೆಯೂ ಇದೆ ಎಂಬುದನ್ನು ಪೋಷಕರು ಮರೆಯುತ್ತಾರೆ. ವರ್ಷವಿಡೀ ಓದಿಸಿ ಕೊನೆಯಲ್ಲಿ ದೃಷ್ಟಿದೋಷ ಬೆಳಕಿಗೆ ಬಂದು ಮಗು ಅಳುವುದಕ್ಕಿಂತ, ಅರ್ಜಿ ಹಾಕುವ ಮೊದಲೇ ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣು, ಕಿವಿ ತೋರಿಸುವುದು ಒಳ್ಳೆಯದು. ಇನ್ನೊಂದು ಸಂಗತಿ: 2021ರ ಕೇಂದ್ರ ಸಂಪುಟದ ತೀರ್ಮಾನದ ನಂತರ ಖಾಸಗಿ ಮತ್ತು ಸ್ವಯಂಸೇವಾ ಸಂಸ್ಥೆಗಳ ಸಹಭಾಗಿತ್ವದಲ್ಲೂ ಹೊಸ ಸೈನಿಕ ಶಾಲೆಗಳು ತೆರೆದಿವೆ. ಅವುಗಳ ಪ್ರವೇಶಕ್ಕೂ ಇದೇ ಪರೀಕ್ಷೆಯ ಅಂಕ ನಡೆಯುತ್ತದೆ, ಆದರೆ ಶುಲ್ಕ ಶಾಲೆಯಿಂದ ಶಾಲೆಗೆ ಬೇರೆ. ಆಯ್ಕೆ ತುಂಬುವ ಮೊದಲು ಅದನ್ನು ಕೇಳಿ ತಿಳಿಯಬೇಕು. ಕಿತ್ತೂರಿನಲ್ಲಿ ಹೆಣ್ಣುಮಕ್ಕಳಿಗೆಂದೇ ಇರುವ ಸೈನಿಕ ವಸತಿ ಶಾಲೆ ಈ ವ್ಯವಸ್ಥೆಗೆ ಸೇರಿದ್ದಲ್ಲ, ಅದರ ಪರೀಕ್ಷೆ ಪ್ರತ್ಯೇಕ.

ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ, ಅಟಲ್ ಬಿಹಾರಿ ವಾಜಪೇಯಿ ವಸತಿ ಶಾಲೆಗಳನ್ನು 1999ರಲ್ಲಿ ಸ್ಥಾಪನೆಯಾದ ಕರ್ನಾಟಕ ವಸತಿ ಶಿಕ್ಷಣ ಸಂಸ್ಥೆಗಳ ಸಂಘ ನಡೆಸುತ್ತದೆ. ರಾಜ್ಯದಲ್ಲಿ ಇಂಥ ಶಾಲೆಗಳು 800ಕ್ಕೂ ಹೆಚ್ಚಿವೆ. ಜಿಲ್ಲೆಗೊಂದೇ ನವೋದಯದ ಎದುರು ಈ ಸಂಖ್ಯೆಯನ್ನು ಇಟ್ಟು ನೋಡಿದರೆ ಬಡ ಮನೆಯ ಮಗುವಿಗೆ ಬಾಗಿಲು ಎಲ್ಲಿ ಹೆಚ್ಚು ಅಗಲವಾಗಿದೆ ಎಂಬುದು ತಿಳಿಯುತ್ತದೆ. ಪರೀಕ್ಷೆ ಐದನೇ ತರಗತಿಯ ಪಠ್ಯಪುಸ್ತಕಗಳನ್ನೇ ಆಧರಿಸಿದ್ದು. ಗೈಡ್ ಕೊಳ್ಳುವ ಮೊದಲು ಸರ್ಕಾರ ಕೊಟ್ಟ ಪುಸ್ತಕಗಳನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿಸಿದರೆ ದೊಡ್ಡ ಕೆಲಸ ಮುಗಿಯಿತು. ಅರ್ಜಿಗೆ ಮಗುವಿನ ಸ್ಯಾಟ್ಸ್ ಸಂಖ್ಯೆ, ಅಂದರೆ ವಿದ್ಯಾರ್ಥಿ ಗುರುತಿನ ಸಂಖ್ಯೆ ಬೇಕು. ಜಾತಿ, ಆದಾಯ ಪ್ರಮಾಣ ಪತ್ರಗಳನ್ನು ಕೊನೆಯ ವಾರದಲ್ಲಿ ನಾಡಕಚೇರಿಯ ಸರದಿಯಲ್ಲಿ ನಿಂತು ಮಾಡಿಸಲು ಹೋಗಬೇಡಿ.

ಇನ್ನು ತರಬೇತಿ ಕೇಂದ್ರಗಳ ಮಾತು. ಓದು ಬಾರದ, ಬೆಳಿಗ್ಗೆ ಕೂಲಿಗೆ ಹೋಗಿ ಸಂಜೆ ಬರುವ ತಂದೆತಾಯಿಗೆ ಮನೆಯಲ್ಲೇ ಹೇಳಿಕೊಡಿ ಎನ್ನುವುದು ಸುಲಭ, ಅವರಿಗೆ ಅದು ಕಷ್ಟ ಎಂಬುದನ್ನು ಬಲ್ಲೆ. ಅಂಥವರಿಗೆ ಊರಿನಲ್ಲೇ ಸಂಜೆಯ ಒಂದು ತಾಸು ಹೇಳಿಕೊಡುವವರು ಸಿಕ್ಕರೆ ಅದು ದೊಡ್ಡ ಉಪಕಾರ. ನನಗೆ ನೋವಾಗುವುದು ಒಂಬತ್ತು ವರ್ಷದ ಮಕ್ಕಳನ್ನು ನಾಲ್ಕನೇ ತರಗತಿಯಿಂದಲೇ ದೂರದ ಪೇಟೆಯ ಕೋಣೆಗಳಲ್ಲಿಟ್ಟು, ನಸುಕಿನಿಂದ ರಾತ್ರಿಯವರೆಗೆ ಬಹು ಆಯ್ಕೆಯ ಪ್ರಶ್ನೆಗಳನ್ನೇ ತಿಕ್ಕಿಸುವುದನ್ನು ಕಂಡಾಗ. ಮಗುವಿನ ಹೆಸರು ಊರಿನ ಶಾಲೆಯ ಹಾಜರಿಯಲ್ಲಿ, ಮಗು ಇರುವುದು ಬೇರೆ ಜಿಲ್ಲೆಯ ಕೇಂದ್ರದಲ್ಲಿ. ಕಥೆ, ಪರಿಸರ ಪಾಠ, ಚಿತ್ರ, ಕಬಡ್ಡಿ ಯಾವುದೂ ಇಲ್ಲದ ಎರಡು ವರ್ಷ. ಅದಕ್ಕೆ ತಂದೆ ಸಾಲ ಮಾಡಿರುತ್ತಾನೆ.

ಇದರಲ್ಲಿ ಇನ್ನೊಂದು ಅಪಾಯ ಇದೆ, ಅದನ್ನು ಯಾವ ಕೇಂದ್ರವೂ ಜಾಹೀರಾತಿನಲ್ಲಿ ಬರೆಯುವುದಿಲ್ಲ. ನವೋದಯದ ನಿಯಮದಂತೆ ಮಗು ಯಾವ ಜಿಲ್ಲೆಯ ಶಾಲೆಗೆ ಅರ್ಜಿ ಹಾಕುತ್ತದೋ ಅದೇ ಜಿಲ್ಲೆಯ ಮಾನ್ಯತೆ ಪಡೆದ ಶಾಲೆಯಲ್ಲಿ ಐದನೇ ತರಗತಿಯ ಪೂರ್ತಿ ವರ್ಷ ಓದಿರಬೇಕು. ಗ್ರಾಮೀಣ ಸೀಟು ಬೇಕಿದ್ದರೆ ಮೂರು, ನಾಲ್ಕು, ಐದನೇ ತರಗತಿಗಳನ್ನು ಗ್ರಾಮೀಣ ಶಾಲೆಯಲ್ಲೇ ಮುಗಿಸಿರಬೇಕು. ಈ ಮೂರು ವರ್ಷಗಳಲ್ಲಿ ಒಂದೇ ಒಂದು ದಿನ ನಗರದ ಶಾಲೆಯಲ್ಲಿ ಓದಿದ್ದರೂ ಆ ಮಗುವನ್ನು ನಗರದ ಅಭ್ಯರ್ಥಿ ಎಂದೇ ಎಣಿಸುತ್ತಾರೆ. ಹಳ್ಳಿಯ ಮಗುವನ್ನು ಒಳ್ಳೆಯ ತಯಾರಿಗೆಂದು ಪೇಟೆಯ ಶಾಲೆಗೆ ಸೇರಿಸಿದ ತಂದೆ, ತನಗೆ ಗೊತ್ತಿಲ್ಲದೆಯೇ 60 ಸೀಟಿನ ಸಾಲಿನಿಂದ ಮಗುವನ್ನು ಎಬ್ಬಿಸಿ ಉಳಿದ ಕೆಲವೇ ಸೀಟುಗಳ ಸಾಲಿನಲ್ಲಿ ನಿಲ್ಲಿಸಿರುತ್ತಾನೆ. ಹಾಜರಿ ಒಂದು ಕಡೆ, ಮಗು ಒಂದು ಕಡೆ ಎಂಬ ವ್ಯವಸ್ಥೆಯಾದರೆ ದಾಖಲೆ ಪರಿಶೀಲನೆಯಲ್ಲಿ ಸೀಟೇ ಹೋಗಬಹುದು. ಅದಕ್ಕಿಂತ ಮಿಗಿಲಾಗಿ, ಸುಳ್ಳು ದಾಖಲೆಗೆ ಹತ್ತು ವರ್ಷದ ಮಗುವನ್ನು ಪಾಲುದಾರನನ್ನಾಗಿ ಮಾಡಿದಂತಾಗುತ್ತದೆ. ಮತ್ತೆ, ಈ ಪರೀಕ್ಷೆಯನ್ನು ಎರಡನೇ ಸಲ ಬರೆಯುವಂತಿಲ್ಲ. ಐದನೇ ತರಗತಿಯಲ್ಲೇ ಇನ್ನೊಂದು ವರ್ಷ ಕೂರಿಸಿ ಬರೆಸುತ್ತೇವೆ ಎನ್ನುವವರ ಮಾತು ಕೇಳಬೇಡಿ.

ಸರ್ಕಾರಿ ಶಾಲೆಯ ಶಿಕ್ಷಕರು ಮನಸ್ಸು ಮಾಡಿದರೆ ಚಿತ್ರ ಬೇರೆಯೇ ಆಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಶಿಕ್ಷಕರ ಖಾಸಗಿ ಟ್ಯೂಷನ್ನಿಗೆ ತಡೆ ಹಾಕಿದೆ, ಆದರೆ ಶಾಲೆಯ ಅಂಗಳದಲ್ಲಿ ವಾರಕ್ಕೆ ಎರಡು ದಿನ ಐದನೇ ತರಗತಿಯ ಎಲ್ಲ ಮಕ್ಕಳಿಗೂ ಬಿಟ್ಟಿಯಾಗಿ ಹೇಳಿಕೊಡಲು ಯಾವ ಅಡ್ಡಿಯೂ ಇಲ್ಲ. ಹಾಗೆ ಮಾಡುವ ಶಿಕ್ಷಕ, ಶಿಕ್ಷಕಿಯರು ನಮ್ಮಲ್ಲಿ ಬಹಳ ಜನ ಇದ್ದಾರೆ. ಇಲಾಖೆ ಅವರಿಗೆ ಹಳೆಯ ಪ್ರಶ್ನೆ ಪತ್ರಿಕೆಗಳನ್ನೂ ಅಭ್ಯಾಸಕ್ಕೆ ಓಎಂಆರ್ ಹಾಳೆಗಳನ್ನೂ ಮುದ್ರಿಸಿ ಕೊಡುವಷ್ಟಾದರೂ ಮಾಡಬೇಕು. ಉತ್ತರ ಗೊತ್ತಿದ್ದೂ, 31ನೇ ಪ್ರಶ್ನೆಯ ಉತ್ತರವನ್ನು 32ರ ಎದುರು ತುಂಬಿ, ಅಲ್ಲಿಂದ ಮುಂದಿನದೆಲ್ಲ ಒಂದು ಸಾಲು ಜಾರಿ ಸೀಟು ಕಳೆದುಕೊಳ್ಳುವ ಮಗುವಿಗೆ ಆಗುವುದು ಅನ್ಯಾಯ. ಆ ಹಾಳೆಯನ್ನು ಪರೀಕ್ಷೆಯ ದಿನವೇ ಮೊದಲ ಸಲ ನೋಡುವಂತಾಗಬಾರದು.

ಮನೆಯಲ್ಲಿ ಎಷ್ಟು ಹೊತ್ತು ಓದಿಸಬೇಕು ಎಂದು ಕೇಳುವವರಿಗೆ ನನ್ನ ಅಂದಾಜು ಹೇಳುತ್ತೇನೆ. ಜೂನಿನಿಂದ ಶುರುಮಾಡಿದರೆ ಶಾಲೆ ಬಿಟ್ಟ ಮೇಲೆ ಆಟ ಮುಗಿಸಿ ಬಂದು ಮುಕ್ಕಾಲು ಗಂಟೆ ಸಾಕು: ಒಂದು ಪುಟ ಓದು, ಐದಾರು ಲೆಕ್ಕ, ಎರಡು ಬಗೆಯ ಚಿತ್ರ. ದಸರೆಯ ರಜೆಯ ನಂತರ ವಾರಕ್ಕೊಂದು ಪೂರ್ತಿ ಪ್ರಶ್ನೆ ಪತ್ರಿಕೆ, ಗಡಿಯಾರ ಇಟ್ಟು. ಅಂಕ ಎಣಿಸಿ ಬೈಯುವುದಕ್ಕಿಂತ ತಪ್ಪಿದ ಪ್ರಶ್ನೆಗಳನ್ನು ಮರುದಿನ ಜೊತೆಯಲ್ಲಿ ಕೂತು ನೋಡುವುದರಿಂದ ಮಗು ಬೆಳೆಯುತ್ತದೆ. ಪರೀಕ್ಷೆಯ ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯಾ ವರ್ಷದ ಅಧಿಸೂಚನೆಯನ್ನೇ ನೋಡಬೇಕು.

ಪರೀಕ್ಷೆಯ ತಯಾರಿಯಷ್ಟೇ ವಸತಿ ಶಾಲೆಯ ತಯಾರಿಯೂ ಮುಖ್ಯ. ನವೋದಯಕ್ಕೆ ಆಯ್ಕೆಯಾದ ಮಗು ಏಳು ವರ್ಷ ಮನೆಯಿಂದ ಹೊರಗಿರುತ್ತದೆ. ಬಟ್ಟೆ ಒಗೆದುಕೊಳ್ಳುವುದು, ತಟ್ಟೆಗೆ ಹಾಕಿದ್ದನ್ನು ಉಣ್ಣುವುದು, ಮೈ ಬಿಸಿಯಾದರೆ ಮೇಡಮ್ಮಿಗೆ ಹೋಗಿ ಹೇಳುವುದು, ಯಾರಾದರೂ ಹೆದರಿಸಿದರೆ ಬಾಯಿ ಮುಚ್ಚಿಕೊಂಡಿರದೆ ತಿಳಿಸುವುದು ಇವೆಲ್ಲ ಮನೆಯಲ್ಲೇ ಅಭ್ಯಾಸವಾಗಬೇಕು. ನವೋದಯದಲ್ಲಿ ಒಂಬತ್ತನೇ ತರಗತಿಗೆ ಬಂದಾಗ ಶೇ 30ರಷ್ಟು ಮಕ್ಕಳನ್ನು ಒಂದು ವರ್ಷ ಬೇರೆ ಭಾಷೆಯ ರಾಜ್ಯದ ನವೋದಯಕ್ಕೆ ಕಳಿಸುತ್ತಾರೆ. ಕರ್ನಾಟಕದ ಮಗು ಹಿಂದಿ ಸೀಮೆಗೆ ಹೋಗಿ ಬರಬೇಕಾಗಬಹುದು. ಪಾಠ ಮೊದಲ ವರ್ಷಗಳಲ್ಲಿ ಕನ್ನಡದಲ್ಲಿ ನಡೆದರೂ ಎಂಟರ ನಂತರ ಇಂಗ್ಲಿಷ್, ಹಿಂದಿಗೆ ಹೊರಳುತ್ತದೆ. ಇವನ್ನೆಲ್ಲ ಮಗುವಿಗೆ ಮೊದಲೇ ತಿಳಿಸಿ, ‘ನಿನಗ ಹೋಗಾಕ ಮನಸ್ಸೈತೇನವ್ವಾ?’ ಎಂದು ಕೇಳಿ. ಬೇಡ ಎಂದರೆ ಆ ಉತ್ತರಕ್ಕೂ ಬೆಲೆ ಕೊಡಬೇಕು. ಮನೆಯಿಂದಲೇ ಹೋಗಿ ಬರುವ ಆದರ್ಶ ವಿದ್ಯಾಲಯಗಳು ಹಲವು ತಾಲ್ಲೂಕುಗಳಲ್ಲಿವೆ. ಆರನೇ ತರಗತಿಗೆ ಅಲ್ಲೂ ಪ್ರವೇಶ ಪರೀಕ್ಷೆ ಇದೆ, ಹಾಸ್ಟೆಲ್ ಇಲ್ಲ.

ನವೋದಯದ ಫಲಿತಾಂಶ ಬಂದ ದಿನ ಹೆಸರು ಇಲ್ಲದಿದ್ದರೆ ಮಗುವಿಗೆ ಸತ್ಯವನ್ನು ಹೇಳಬೇಕು: ಸೀಟು ಎಂಬತ್ತು, ಬರೆದವರು ಸಾವಿರಾರು. ಆಯ್ಕೆಯಾದವರಲ್ಲಿ ಕೆಲವರು ಸೇರದೆ ಉಳಿದಾಗ ಕಾಯ್ದಿರಿಸಿದ ಪಟ್ಟಿಯಿಂದ ಕರೆಯುತ್ತಾರೆ, ಆದ್ದರಿಂದ ದಾಖಲೆಗಳನ್ನು ಸಿದ್ಧವಾಗಿಟ್ಟುಕೊಳ್ಳಿ. ನವೋದಯದಲ್ಲಿ ಒಂಬತ್ತನೇ ತರಗತಿಗೂ ಖಾಲಿ ಬಿದ್ದ ಸೀಟುಗಳಿಗೆ ಪ್ರತ್ಯೇಕ ಪರೀಕ್ಷೆ ಇದೆ. ಅದು ಎಂಟನೇ ತರಗತಿಯ ಮಟ್ಟದ್ದು: ಗಣಿತಕ್ಕೆ 35, ವಿಜ್ಞಾನಕ್ಕೆ 35, ಇಂಗ್ಲಿಷಿಗೆ 15, ಹಿಂದಿಗೆ 15 ಅಂಕ. ಊರಿನ ಶಾಲೆಯಲ್ಲೇ ಆರನೇ ತರಗತಿಗೆ ಹೋಗುವ ಮಗುವಿಗೆ ಅಷ್ಟರಲ್ಲಿ ಮೂರು ವರ್ಷ ಸಿಗುತ್ತದೆ. ಆರನೇ ತರಗತಿಯಲ್ಲಿ ಶುರುವಾಗುವ ಹಿಂದಿಯನ್ನು ಆ ಮಗು ಮೊದಲ ದಿನದಿಂದಲೇ ಗಮನ ಕೊಟ್ಟು ಕಲಿಯಲಿ, ಸಂಜೆಯ ಒಂದು ಪುಟದ ಓದನ್ನು ನಿಲ್ಲಿಸದಿರಲಿ.